ಎರಡನೇ ಕಣ್ಣು

ನಾನು ನೋಡಿದ್ದು ಕೆಂಪು ಅಕ್ಷರದ ಒಂದು ಸಾಲನ್ನು. ‘ನಿಮ್ಮ ಸರದಿ ರದ್ದಾಗಿದೆ’ ಎಂದು ಅಲ್ಲಿ ಬರೆದಿತ್ತು. ಇಷ್ಟನ್ನು ಯಾರು ಕೇಳಿದರೂ ಹೇಳಬಲ್ಲೆ. ಆ ಸಾಲು ಬರುವುದಕ್ಕೆ ಮುಂಚೆ ನನ್ನ ಕಣ್ಣು ಎಲ್ಲಿತ್ತು, ನಾನು ಇನ್ನೇನನ್ನಾದರೂ ನೋಡಿದೆನೇ, ಅಥವಾ ನೋಡಿದೆನೆಂದು ಆಮೇಲೆ ಸೇರಿಸಿಕೊಂಡೆನೇ ಎಂಬುದು ಇವತ್ತಿಗೂ ಸ್ಪಷ್ಟವಿಲ್ಲ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಲು ಪ್ರಯತ್ನಿಸುತ್ತೇನೆ.

ನಮ್ಮ ಆಫೀಸು ಇರುವುದು ಚಾಮರಾಜನಗರದಲ್ಲಿ, ಗೊಬ್ಬರದಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಗೊಬ್ಬರದ ಘಾಟು ಮೂಗಿಗೆ ಬಡಿಯುತ್ತದೆ, ಒಳಗೆ ಹೋಗಿ ಕೂತ ಮೇಲೆ ಮರೆತುಹೋಗುತ್ತದೆ. ಬೇರೆ ಊರಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರ್ ಜನರ ಕೈಗೆ ಹೋಗುವ ಮುಂಚೆ ಅದನ್ನು ಒತ್ತಿ, ಎಳೆದು, ಕೆಡಿಸಲು ನೋಡಿ ತಪ್ಪು ಹುಡುಕುವುದು ನಮ್ಮ ಕೆಲಸ. ನಾನು ಹರದನಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತೇನೆ. ಸೇರಿದ ಹೊಸದರಲ್ಲಿ ನಮ್ಮತ್ತೆ ಕೇಳಿದ್ದರು, ಅದೇನು ಕೆಲಸ ಎಂದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದೆ. ‘ಹಂಗಾರೆ ಮನೇಲೆ ಕುಂತ್ಕಂಡು ಆರ್ಸು, ಇಲ್ಲೂ ಬೇಕಾದಷ್ಟು ಅವೆ’ ಎಂದರು.

ನಾವು ಕಂಡ ತಪ್ಪಿಗೆ ಬಗ್ ಎನ್ನುತ್ತೇವೆ. ಪ್ರತಿ ಬಗ್ಗಿಗೂ ಕಂಪ್ಯೂಟರ್ ಒಂದು ನಂಬರ್ ಕೊಡುತ್ತದೆ. ಅದು ಮೈಸೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆದ ಡೆವಲಪರ್ ಬಳಿಗೆ ಹೋಗುತ್ತದೆ. ಅವರು ಸರಿ ಮಾಡಿ ಕಳಿಸುತ್ತಾರೆ, ನಾವು ಮತ್ತೆ ಒತ್ತಿ ನೋಡಿ ಮುಚ್ಚುತ್ತೇವೆ. ತೊಂದರೆ ಬರುವುದು ಒಮ್ಮೆ ಕಂಡು ಇನ್ನೊಮ್ಮೆ ಕಾಣದ ಬಗ್ಗಿನಿಂದ. ಡೆವಲಪರ್ ‘ನನ್ನಲ್ಲಿ ಕಾಣುತ್ತಿಲ್ಲ’ ಎಂದು ಬರೆದರೆ ಅದು ವಾಪಸ್ಸು ಬರುತ್ತದೆ. ಹಾಗಾಗಬಾರದೆಂದು ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಯಾರಿಗಾದರೂ ತಪ್ಪು ಕಂಡರೆ ತಕ್ಷಣ ಪಕ್ಕದವರನ್ನು ಕರೆಯಬೇಕು. ಪಕ್ಕದವರು ನೋಡಿ, ಬಗ್ಗಿನ ಕೆಳಗೆ ‘ನಾನೂ ನೋಡಿದೆ’ ಎಂದು ಬರೆಯಬೇಕು. ಇದಕ್ಕೆ ನಾವು ಎರಡನೇ ಕಣ್ಣು ಎನ್ನುತ್ತೇವೆ. ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಡೆವಲಪರ್‌ಗಳ ಪೈಕಿ ಕನ್ನಡ ಬಾರದವರೂ ಇದ್ದಾರೆ. ಆದ್ದರಿಂದ ಸ್ಕ್ರೀನ್‌ಶಾಟಿಗೆ ಮುಂಚೆ ಫೋನನ್ನು ಇಂಗ್ಲಿಷಿಗೆ ತಿರುಗಿಸಬೇಕೆಂಬುದು ಇನ್ನೊಂದು ನಿಯಮ. ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಅಭ್ಯಾಸವಾಗಿಹೋದ ನಿಯಮ ಅದು. ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಗುಂಡ್ಲುಪೇಟೆಯ ಒಂದು ಡಯಾಲಿಸಿಸ್ ಕೇಂದ್ರದ ಆಪ್. ಕಿಡ್ನಿ ಕೆಲಸ ನಿಲ್ಲಿಸಿದವರು ಅಲ್ಲಿಗೆ ಬಂದು ಮೆಷಿನ್ನಿನ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳುತ್ತಾರೆ. ಮೆಷಿನ್ನುಗಳು ಕಡಿಮೆ, ಬರುವವರು ಹೆಚ್ಚು. ಅಲ್ಲಿಯವರೆಗೆ ಅಲ್ಲಿನ ಸಿಸ್ಟರ್ ಮುಂಚಿನ ದಿನವೇ ಎಲ್ಲರಿಗೂ ಫೋನ್ ಮಾಡಿ, ನಾಳೆ ಬರುತ್ತೀರಾ ಎಂದು ಕೇಳುತ್ತಿದ್ದರು. ಇನ್ನು ಮೇಲೆ ಆಪ್ ಕೇಳುತ್ತದೆ. ಪರದೆಯ ಮೇಲೆ ಅಕ್ಕಪಕ್ಕ ಎರಡು ಗುರುತು: ಹಸಿರು ಸರಿ ಗುರುತು, ಕೆಂಪು ತಪ್ಪು ಗುರುತು. ಹಸಿರು ಒತ್ತಿದರೆ ನಿಮ್ಮ ಸರದಿ ಉಳಿಯುತ್ತದೆ. ಕೆಂಪು ಒತ್ತಿದರೆ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಸರದಿ ತಪ್ಪಿದವರ ಕಾಲು ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಇಂಥ ಆಪಿನಲ್ಲಿ ಸರದಿಗೆ ಸಂಬಂಧಿಸಿದ ಬಗ್ ಒಂದು ತೆರೆದಿದ್ದರೂ ಸಾಕು, ಅದು ಮುಚ್ಚುವವರೆಗೆ ಆಪನ್ನು ಹೊರಗೆ ಬಿಡುವ ಹಾಗಿಲ್ಲ.

ನನ್ನ ಪಕ್ಕದ ಸೀಟಿನ ಹುಡುಗಿ ದಿನಾ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಬರುತ್ತಿದ್ದಳು. ಹತ್ತಿ ಹಾಸಿಗೆ ಹೊಲಿಯುವವರ ಮನೆಯವಳು, ಮನೆಮಾತು ಉರ್ದು. ಅವಳ ತಾಯಿಗೆ ಡಯಾಲಿಸಿಸ್ ಆಗುತ್ತಿದ್ದದ್ದು ಅದೇ ಕೇಂದ್ರದಲ್ಲಿ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆಪ್ ಬಂದಾಗ ಅವಳೇ ಎಲ್ಲರಿಗಿಂತ ಮೊದಲು ಹೇಳಿದ್ದಳು, ‘ನಮ್ಮಮ್ಮಂಗೇ ನಾನು ಟೆಸ್ಟ್ ಮಾಡ್ತಿರೋದು ಅಕ್ಕಾ’ ಎಂದು.

ಆ ಬೆಳಿಗ್ಗೆ ಅವಳು ತಡವಾಗಿ ಬಂದಳು. ಆಫೀಸಿನ ಟೆಸ್ಟ್ ಫೋನುಗಳನ್ನೆಲ್ಲ ಬೇರೆಯವರು ತೆಗೆದುಕೊಂಡಿದ್ದರು. ತನ್ನ ಫೋನಿನಲ್ಲೇ ಆಪ್ ತೆರೆದು ಕೂತಳು. ನಾನು ನನ್ನ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದೆ.

‘ಅಕ್ಕಾ, ಇಲ್ಲಿ ನೋಡಿ. ಹಸಿರು ಒತ್ತಿದೆ, ರದ್ದು ಅಂತಿದೆ!’

ತಿರುಗಿದೆ. ಫೋನ್ ಅವಳ ಎಡಗೈಯಲ್ಲಿತ್ತು. ಕೆಂಪು ಸಾಲು ಕಂಡಿತು. ಓದಿದೆ. ‘ಹೌದಲ್ಲ’ ಎಂದೆ. ನನ್ನ ಕಂಪ್ಯೂಟರಿಗೆ ತಿರುಗಿ, ಅವಳು ತೆರೆದ ಹೊಸ ಬಗ್ಗಿನ ಕೆಳಗೆ ‘ನಾನೂ ನೋಡಿದೆ’ ಎಂದು ಬರೆದೆ. ಅಷ್ಟರಲ್ಲಿ ಅವಳು ಸ್ಕ್ರೀನ್‌ಶಾಟಿಗೆಂದು ಇನ್ನೊಮ್ಮೆ ಮೊದಲಿನಿಂದ ಮಾಡಿದಳು. ಹಸಿರು ಒತ್ತಿದಳು. ‘ನಿಮ್ಮ ಸರದಿ ಖಚಿತವಾಗಿದೆ’ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಒತ್ತಿದಳು. ಖಚಿತವಾಗಿದೆ. ನನ್ನ ಫೋನಿನಲ್ಲಿ ನಾನು ಒತ್ತಿದೆ. ಖಚಿತವಾಗಿದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಒಂದು ಕೈಯಲ್ಲಿ ಮುದ್ದೆ ಮುರಿಯುತ್ತ ಇನ್ನೊಂದು ಕೈಯಲ್ಲಿ ಒತ್ತಿದೆವು. ಆ ಕೆಂಪು ಸಾಲು ಇನ್ನೊಮ್ಮೆ ಬರಲಿಲ್ಲ.

ಮಾರನೆಯ ಬೆಳಗಿನ ಮೀಟಿಂಗಿನಲ್ಲಿ ಇದರ ವಿಚಾರಣೆಯಾಯಿತು. ವಿಚಾರಣೆ ಎಂಬ ಮಾತು ದೊಡ್ಡದಾಯಿತೇನೋ. ನಮ್ಮ ತಂಡದ ಮುಖ್ಯಸ್ಥರು ಉಡಿಗಾಲದವರು, ನನಗಿಂತ ಚಿಕ್ಕವರು, ನಾವು ಸರ್ ಎನ್ನುತ್ತೇವೆ. ಆ ಕೇಂದ್ರದವರ ಹಿಂದೆ ಬಹಳ ಓಡಾಡಿ ಅವರು ಈ ಕೆಲಸ ತಂದಿದ್ದರು. ಸೋಮವಾರ ಗುಂಡ್ಲುಪೇಟೆಯಲ್ಲಿ ನಿಜವಾದ ರೋಗಿಗಳ ಕೈಗೆ ಆಪ್ ಕೊಟ್ಟು ನೋಡುವುದೆಂದು ನಿಗದಿಯಾಗಿತ್ತು. ಫೋನಿನ ಸ್ಪೀಕರಿನಲ್ಲಿ ಮೈಸೂರಿನ ಡೆವಲಪರ್ ಇದ್ದರು.

‘ನನ್ನ ಎಲ್ಲಾ ಫೋನಲ್ಲೂ ನೋಡಿದೆ ಸರ್. ಬರ್ತಾ ಇಲ್ಲ’ ಎಂದರು ಅವರು.

ಸರ್ ಅವಳ ಕಡೆ ತಿರುಗಿದರು. ‘ಅಲ್ಲ ಕಣಮ್ಮಿ, ಒಂದ್ಸಲ ಬಂದು ಓಯ್ತು ಅಂತೀಯೆ. ಗೋಪಾಲಸ್ವಾಮಿ ಬೆಟ್ಟದ ಆನೆಯಾ ಅದು, ಒಬ್ರಿಗ್ ಕಂಡು ಒಬ್ರಿಗ್ ಕಾಣ್ದೆ ಇರಕ್ಕೆ?’

ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ‘ಬಂತು ಸರ್. ಅಕ್ಕನೂ ನೋಡಿದಾರೆ.’

‘ಮೇಡಂ, ನೀವೇನ್ ನೋಡುದ್ರಿ?’

‘ರದ್ದಾಗಿದೆ ಅಂತ ಕೆಂಪು ಸಾಲು ನೋಡಿದೆ.’

‘ಅವ್ಳು ಒತ್ತುದ್ದು ಹಸ್ರೋ ಕೆಂಪೋ?’

ನಾನು ಉತ್ತರ ಹೇಳುವ ಮುಂಚೆ ಆ ಬೆಳಗನ್ನು ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದೆ. ಅವಳು ಕರೆದದ್ದು, ನಾನು ತಿರುಗಿದ್ದು, ಕೆಂಪು ಸಾಲು. ಅದರ ಹಿಂದೆ ಏನೂ ಇರಲಿಲ್ಲ.

‘ಬೆರಳು ನೋಡಲಿಲ್ಲ ಸರ್. ನಾನು ತಿರುಗುವ ಹೊತ್ತಿಗೆ ಒತ್ತಿಯಾಗಿತ್ತು.’

‘ಅಂದ್ರೆ ಕೆಂಪೇ ಒತ್ತಿರ್ಬೋದು.’

‘ಇರಬಹುದು. ಇಲ್ಲದೇ ಇರಬಹುದು. ನನಗೆ ಗೊತ್ತಿಲ್ಲ.’

ಅವಳು ನನ್ನನ್ನು ನೋಡಿದಳು. ಕೋಪದಿಂದಲ್ಲ. ಬಸ್ಸಿನಲ್ಲಿ ತನ್ನ ಸೀಟಿನಲ್ಲಿ ಬೇರೆ ಯಾರೋ ಕೂತಿರುವುದನ್ನು ಕಂಡವರು ನೋಡುವ ಹಾಗೆ.

ಸರ್ ದನಿ ತಗ್ಗಿಸಿದರು. ತಗ್ಗಿಸಿದ್ದರಿಂದಲೇ ಅದು ಹೆಚ್ಚು ಚುಚ್ಚಿತು. ‘ನಿಮ್ಮಮ್ಮಂಗೆ ಸಿಸ್ಟರ್ ಫೋನ್ ಮಾಡೋದೇ ಸಲೀಸು, ಅದು ನಂಗೂ ಗೊತ್ತು. ಅದ್ಕೆ ಆಪ್ನೇ ನಿಲ್ಸಕ್ಕಾಯ್ತದಾ ಹೇಳು? ಬುಡು ಅತ್ಲಾಗೆ.’

‘ನಾನು ಸುಳ್ಳು ಹೇಳ್ತಿಲ್ಲ ಸರ್’ ಎಂದಳು. ‘ಬಳಸುವವರ ತಪ್ಪು’ ಎಂಬ ಕಾರಣ ಬರೆದು ಬಗ್ ಮುಚ್ಚಲಾಯಿತು.

ಅದಾದ ಮೇಲಿನ ದಿನಗಳು ನನಗೆ ಬಹಳ ಗೊಂದಲದವು. ಅವಳು ಮಾತು ಬಿಡಲಿಲ್ಲ. ನೀರು ಬೇಕಾ ಅಕ್ಕಾ ಎಂದು ಕೇಳುತ್ತಿದ್ದಳು, ಅಷ್ಟೇ. ಬಿಡುವಾದಾಗಲೆಲ್ಲ ಆಫೀಸಿನ ಟೆಸ್ಟ್ ಫೋನುಗಳನ್ನು ಒಂದೊಂದಾಗಿ ಎತ್ತಿಕೊಂಡು ಹಸಿರು ಒತ್ತುತ್ತ ಕೂರುತ್ತಿದ್ದಳು. ತನ್ನ ಫೋನಿನಲ್ಲೂ ಒತ್ತುತ್ತಿದ್ದಳು. ಮುಖ ನೋಡಿದರೆ ಸಾಕು, ಬರಲಿಲ್ಲವೆಂದು ಗೊತ್ತಾಗುತ್ತಿತ್ತು.

ನಾನು ಹೇಳಿದ್ದು ನಿಜ. ಆದರೆ ನಿಜ ಹೇಳಿ ಏನು ಮಾಡಿದೆ ಎಂಬುದು ತಿಳಿಯುತ್ತಿರಲಿಲ್ಲ. ಅವಳು ಹಸಿರನ್ನೇ ಒತ್ತಿದ್ದರೆ, ಆ ತಪ್ಪು ಈಗಲೂ ಆಪಿನೊಳಗೆ ಎಲ್ಲೋ ಇದೆ. ಸೋಮವಾರ ಅದು ಅವಳ ತಾಯಿಯ ಕೈಗೆ ಹೋಗುತ್ತದೆ. ಅವಳು ಅವಸರದಲ್ಲಿ ಕೆಂಪನ್ನು ಒತ್ತಿದ್ದರೆ, ನನ್ನ ಮಾತಿನಿಂದ ಯಾರಿಗೂ ನಷ್ಟವಿಲ್ಲ. ಎರಡರಲ್ಲಿ ಯಾವುದೆಂದು ಹೇಳಬಲ್ಲವಳು ಅವಳನ್ನು ಬಿಟ್ಟರೆ ನಾನೊಬ್ಬಳೇ, ನಾನು ನೋಡಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಆ ಕ್ಷಣವನ್ನು ನೆನೆಸಿಕೊಳ್ಳುತ್ತ ನಿಂತು ಹಾಲು ಉಕ್ಕಿಸಿದೆ. ‘ಯಾಕಮ್ಮಿ, ನಿಂತ್ಕಂಡೇ ಕನಸು ಕಾಣ್ತಿದ್ದೀಯಾ?’ ಎಂದು ಅತ್ತೆ ಬೈದರು. ನೆನೆಸಿಕೊಂಡಷ್ಟೂ ಆ ಕ್ಷಣ ಸವೆಯುತ್ತಿತ್ತು. ಒಮ್ಮೆ ಅವಳ ಹೆಬ್ಬೆರಳು ಹಸಿರಿನ ಮೇಲೆ ಕಾಣುತ್ತಿತ್ತು, ಇನ್ನೊಮ್ಮೆ ಕೆಂಪಿನ ಮೇಲೆ. ಎರಡೂ ನಾನೇ ಮಾಡಿಕೊಂಡ ಚಿತ್ರಗಳು.

ಸೋಮವಾರದ ಪರೀಕ್ಷೆಗೆ ಸರ್ ನನ್ನನ್ನು ಕಳಿಸಿದರು. ಅವಳು ಆ ದಿನ ರಜೆ ಹಾಕಿದ್ದಳು, ತಾಯಿಯನ್ನು ಕರೆದುಕೊಂಡು ಹೋಗಬೇಕಿತ್ತು. ‘ನೀನು ಮಗಳಾಗ್ ಓಗು, ಟೆಸ್ಟರ್ ಆಗಿ ಮೇಡಂ ಓಯ್ತಾರೆ’ ಎಂದಿದ್ದರು ಸರ್.

ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು. ಬೆಟ್ಟದ ಮೇಲೆ ಮಂಜು ಕೂತಿತ್ತು. ಗುಂಡ್ಲುಪೇಟೆಯಲ್ಲಿ ತರಕಾರಿ ಲಾರಿಗಳು ಕೇರಳದ ಕಡೆಗೆ ಸಾಲುಗಟ್ಟಿ ನಿಂತಿದ್ದವು. ಕೇಂದ್ರ ಒಂದು ಅಡ್ಡರಸ್ತೆಯಲ್ಲಿತ್ತು. ಒಳಗೆ ಹೋದಾಗ ಮೆಷಿನ್ನುಗಳ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಮೌನ. ಸಿಸ್ಟರ್ ಕೇರಳದ ಬತ್ತೇರಿ ಕಡೆಯವರು, ಎಲ್ಲರಿಗೂ ಒಂದೇ ವೇಗದಲ್ಲಿ ಕನ್ನಡ ಮಾತಾಡುತ್ತಿದ್ದರು. ಇವರೇ ರೋಗಿಗಳ ಫೋನಿಗೆ ಆಪ್ ಹಾಕಿಕೊಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೋಡಬೇಕು, ಒತ್ತಬಾರದು.

ಮೊದಲ ಕೆಲವರು ಒತ್ತಿದರು, ಎಲ್ಲ ಸರಿಯಾಗಿತ್ತು. ಆಮೇಲೆ ಅವಳ ತಾಯಿಯ ಮಂಚಕ್ಕೆ ಬಂದೆವು. ಅವರು ತೆಳ್ಳಗಿನ ಹೆಂಗಸು. ಒಂದು ತೋಳಿಗೆ ಕೊಳವೆ ಹಾಕಿತ್ತು. ಇನ್ನೊಂದು ಕೈಯಲ್ಲಿ ಮಗಳ ಫೋನು. ಮಗಳು ಇಡ್ಲಿ ತರಲು ಹೊರಗೆ ಹೋಗಿದ್ದಳು.

‘ಉಮ್ಮಾ, ಬುಧವಾರ ಬರ್ತೀರಲ್ಲಾ? ಹಸಿರು ಒತ್ತಿ’ ಎಂದರು ಸಿಸ್ಟರ್.

ಈ ಸಲ ನಾನು ಬೆರಳನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಉಗುರಿನ ತುದಿಯಲ್ಲಿ ಹಳೆಯ ಮದರಂಗಿಯ ಬಣ್ಣ ಉಳಿದಿತ್ತು. ಬೆರಳು ನಿಧಾನವಾಗಿ ಇಳಿದು ಹಸಿರು ಗುರುತಿನ ಸರಿ ಮಧ್ಯಕ್ಕೆ ತಾಗಿತು.

ಕೆಂಪು ಸಾಲು ಬಂತು. ನಿಮ್ಮ ಸರದಿ ರದ್ದಾಗಿದೆ.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಯಿತು ಎಂಬಂತೆ ಫೋನನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟರು. ಪಕ್ಕದಲ್ಲಿ ನಾವಿಬ್ಬರು ಇಲ್ಲದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬುಧವಾರ ಬಂದು, ಮಂಚದ ಮೇಲೆ ಬೇರೆ ಯಾರೋ ಮಲಗಿರುವುದನ್ನು ಕಂಡಾಗಲೇ ಅವರಿಗೆ ಗೊತ್ತಾಗುತ್ತಿತ್ತು.

‘ಉಮ್ಮಾ, ತಪ್ಪು ಒತ್ತಿದಿರಿ.’

‘ನಾನ್ ಹಸ್ರೇ ಒತ್ತಿದ್ದು ಕಣಮ್ಮಾ. ಕಿಡ್ನಿ ಓಗಿರೋದು, ಕಣ್ಣಲ್ಲ.’

ಸಿಸ್ಟರ್ ನಗುತ್ತ ಫೋನ್ ತೆಗೆದುಕೊಂಡು, ಹಿಂದಕ್ಕೆ ಹೋಗಿ ತಾವೇ ಹಸಿರು ಒತ್ತಿದರು. ರದ್ದಾಗಿದೆ. ಅವರ ನಗು ನಿಂತಿತು. ಹಿಂದಕ್ಕೆ ಹೋಗಿ ಕೆಂಪು ಒತ್ತಿದರು. ಖಚಿತವಾಗಿದೆ.

‘ಇದೇನು ಮೇಡಂ? ಉಲ್ಟಾ ಅಲ್ಲವಾ?’

ಫೋನ್ ನನ್ನ ಕೈಗೆ ಬಂತು. ಸ್ಕ್ರೀನ್‌ಶಾಟ್ ತೆಗೆಯಬೇಕೆಂದು ನನ್ನ ಬೆರಳು ಯೋಚಿಸದೆ ಸೆಟ್ಟಿಂಗಿಗೆ ಹೋಯಿತು. ಅಲ್ಲಿನ ಅಕ್ಷರ ಓದಲಾಗಲಿಲ್ಲ, ಉರ್ದು. ಚಿತ್ರಗಳ ಗುರುತಿನ ಮೇಲೆ ತಡವರಿಸಿ ಭಾಷೆಯ ಜಾಗ ಹುಡುಕಿ ಇಂಗ್ಲಿಷ್ ಮಾಡಿದೆ. ಆಪಿಗೆ ಬಂದು ಹಸಿರು ಒತ್ತಿದೆ. ಸಾಲು ಇಂಗ್ಲಿಷಿನಲ್ಲಿ ಬಂತು: ಖಚಿತವಾಗಿದೆ.

ಈಗ ತಾನೆ ಇಬ್ಬರ ಕಣ್ಣೆದುರು ಇದ್ದದ್ದು ನನ್ನ ಕೈಗೆ ಬಂದ ಕೂಡಲೇ ಇಲ್ಲವಾಗಿತ್ತು. ಮಂಚದ ಕಂಬಿ ಹಿಡಿದು ನಿಂತೆ. ಇಷ್ಟು ಹೊತ್ತಿನಲ್ಲಿ ನಾನು ಏನು ಮಾಡಿದೆ? ಒಂದೇ ಒಂದು ಕೆಲಸ ಮಾಡಿದ್ದೆ. ಅದನ್ನು ಹಿಂದಕ್ಕೆ ಮಾಡಿ ನೋಡಬೇಕು. ಫೋನನ್ನು ಮತ್ತೆ ಉರ್ದುವಿಗೆ ತಿರುಗಿಸಿದೆ. ಪರದೆಯ ಮೇಲಿನದೆಲ್ಲ ಪಕ್ಕ ಬದಲಾಯಿಸಿತು. ಎಡಗಡೆ ಇದ್ದ ಹಿಂದಕ್ಕೆ ಹೋಗುವ ಬಾಣ ಬಲಗಡೆಗೆ ಹೋಯಿತು, ಎಡಗಡೆಯ ಹಸಿರು ಗುರುತೂ ಬಲಗಡೆಗೆ ಹೋಯಿತು. ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆಯಲ್ಲವೇ, ಫೋನ್ ಅದಕ್ಕೆ ತಕ್ಕಂತೆ ಎಲ್ಲವನ್ನೂ ತಿರುಗಿಸುತ್ತದೆ. ಹಸಿರು ಒತ್ತಿದೆ. ರದ್ದಾಗಿದೆ.

‘ಸಾಕು ಮೇಡಂ, ಒತ್ತಬೇಡಿ’ ಎಂದರು ಸಿಸ್ಟರ್. ‘ಇವರ ಸರದಿ ಈಗ ಉಂಟೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ.’

‘ಇದೊಂದೇ ಸಲ’ ಎಂದು ನನ್ನ ಫೋನ್ ತೆಗೆದು, ಆ ಫೋನನ್ನು ಇದ್ದ ಹಾಗೆಯೇ ಅವರ ಕೈಯಲ್ಲಿ ಹಿಡಿಸಿ, ಹಸಿರಿನ ಮೇಲೆ ಬೆರಳು ತಾಗುವುದರಿಂದ ಕೆಂಪು ಸಾಲು ಬರುವವರೆಗೆ ವಿಡಿಯೊ ಮಾಡಿದೆ. ಆಮೇಲೆ ಸಿಸ್ಟರ್ ಒಳಗಿನ ಕಂಪ್ಯೂಟರಿಗೆ ಹೋಗಿ ಬುಧವಾರದ ಸರದಿಯನ್ನು ತಾವೇ ಉಳಿಸಿದರು.

ಅಷ್ಟರಲ್ಲಿ ಅವಳು ಇಡ್ಲಿ ಪೊಟ್ಟಣ ಹಿಡಿದು ಬಂದಳು. ನಾನು ತೋರಿಸಿದೆ. ಅವಳು ಪೊಟ್ಟಣವನ್ನು ತಾಯಿಯ ಕಾಲ ಬಳಿ ಇಟ್ಟು ಸ್ಟೂಲಿನ ಮೇಲೆ ಕೂತಳು. ಫೋನು ಇಬ್ಬರಿಗೂ ಒಂದೇ. ಸಂಜೆ ತಾಯಿಗಾಗಿ ಉರ್ದು, ಬೆಳಿಗ್ಗೆ ಬಸ್ಸಿನಲ್ಲಿ ಆಫೀಸಿಗಾಗಿ ಇಂಗ್ಲಿಷ್ ಮಾಡುವುದು ಅವಳ ರೂಢಿ. ಅವಳ ಕಣ್ಣಿಗೆ ಎರಡೂ ಸಹಜ, ಯಾವುದು ಯಾವ ಪಕ್ಕದಲ್ಲಿದೆ ಎಂದು ಗಮನಕ್ಕೇ ಬರುವುದಿಲ್ಲ.

‘ಅವತ್ತು ಬಸ್ಸಲ್ಲಿ ತುಂಬಾ ರಶ್ಶು ಅಕ್ಕಾ. ಚಾಮರಾಜನಗರದವರೆಗೂ ನಿಂತೇ ಬಂದೆ. ಫೋನ್ ಹೊರಗೇ ತೆಗೀಲಿಲ್ಲ’ ಎಂದಳು. ‘ನಿಮ್ಮನ್ನ ಕರೆದಾದ ಮೇಲೆ, ಸ್ಕ್ರೀನ್‌ಶಾಟಿಗೆ ಅಂತ ಇಂಗ್ಲಿಷ್ ಮಾಡಿದೆ.’

ಡೆವಲಪರ್‌ಗೆ ತಪ್ಪನ್ನು ಸರಿಯಾಗಿ ತೋರಿಸಬೇಕೆಂದು ನಾವು ಮಾಡಿಕೊಂಡ ನಿಯಮವೇ ತಪ್ಪನ್ನು ಅಳಿಸಿಹಾಕುತ್ತಿತ್ತು.

ಹೊರಗಿನ ವರಾಂಡದಿಂದ ಸರ್‌ಗೆ ಫೋನ್ ಮಾಡಿದೆ. ಅವರು ಮೈಸೂರಿನ ಡೆವಲಪರ್‌ರನ್ನೂ ಸೇರಿಸಿದರು. ವಿಡಿಯೊ ಕಳಿಸಿದೆ.

‘ಗೊತ್ತಾಯ್ತು’ ಎಂದರು ಡೆವಲಪರ್. ‘ಎಡಗಡೆ ಬೆರಳು ಬಿದ್ರೆ ಬರ್ತೀನಿ ಅಂತ, ಬಲಗಡೆ ಬಿದ್ರೆ ಬರಲ್ಲ ಅಂತ ಬರೆದಿದೀನಿ. ಗುರುತುಗಳು ಜಾಗ ಬದಲಾಯಿಸ್ತವೆ, ನನ್ನ ಲೆಕ್ಕ ಬದಲಾಗ್ತಾ ಇಲ್ಲ. ಆದ್ರೆ ನಮಗೆ ಹೇಳಿದ್ದು ಕನ್ನಡ, ಇಂಗ್ಲಿಷ್ ಎರಡೇ ಅಲ್ವಾ?’

‘ಆಪ್ ಕನ್ನಡದಲ್ಲೇ ಇದೆ. ಉರ್ದುವಲ್ಲಿರೋದು ಫೋನು’ ಎಂದೆ.

ಸರ್ ಗಂಟಲು ಸರಿಮಾಡಿಕೊಂಡರು. ‘ಹಂಗಾರೆ ಇದು ಬಗ್ ಅಲ್ಲ, ಹೊಸ ಬೇಡಿಕೆ. ಬೇರೆ ನಂಬರ್ ಆಕಿ. ಮುಂದಿನ್ ವರ್ಷನ್‌ನಲ್ಲಿ ನೋಡನ. ಈಗ ಬುಟ್ಬುಡನ ಆಪ್ನ.’

ಹೊಸ ಬೇಡಿಕೆ ಎಂದು ಬರೆದರೆ ಯಾವುದೂ ನಿಲ್ಲುವುದಿಲ್ಲ. ಆಪ್ ಮರುದಿನವೇ ಎಲ್ಲರ ಫೋನಿಗೂ ಹೋಗುತ್ತದೆ. ಗುಂಡ್ಲುಪೇಟೆಯಲ್ಲಿ ಉರ್ದು ಫೋನಿರುವ ಮನೆ ಇದೊಂದೇ ಅಲ್ಲ. ಆಪ್ ನಿಲ್ಲಬೇಕಾದರೆ ಅವಳ ಹಳೆಯ ಬಗ್ ಮತ್ತೆ ತೆರೆಯಬೇಕು.

‘ಇದು ಅವಳು ಬರೆದ ಅದೇ ಬಗ್ ಸರ್. ಅದನ್ನೇ ತೆರೀರಿ’ ಎಂದೆ.

‘ಅದೇ ಅಂತ ಎಂಗ್ ಏಳ್ತೀರಿ? ಬೆರಳೇ ನೋಡ್ನಿಲ್ಲ ಅಂದ್ರಿ ಅವತ್ತು. ಈಗ ನೋಡ್ದೆ ಅಂತ ಬರೀತೀರಾ?’

ಪ್ರಶ್ನೆ ನ್ಯಾಯವಾದದ್ದೇ. ವರಾಂಡದ ಕಂಬಕ್ಕೆ ಒರಗಿ ನಿಂತೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ಬೆಳಿಗ್ಗೆಯ ಚಿತ್ರವನ್ನು ಮತ್ತೆ ಕರೆದೆ. ಈಗ ಅದರಲ್ಲಿ ಬಾಣ ಬಲಗಡೆ ಇತ್ತು. ಸ್ಪಷ್ಟವಾಗಿ ಬಲಗಡೆ ಇತ್ತು. ಆದರೆ ನಿನ್ನೆಯವರೆಗೆ ಆ ಚಿತ್ರದಲ್ಲಿ ಬಾಣವೇ ಇರಲಿಲ್ಲ. ಒಳಗೆ ಮಂಚದ ಪಕ್ಕ ನಿಂತು ನೋಡಿದ ಬಾಣ ಆ ಹಳೆಯ ದಿನಕ್ಕೆ ನಡೆದುಹೋಗಿ ಅಲ್ಲಿ ಕೂತಿತೋ, ಅಥವಾ ಅವತ್ತೇ ನೋಡಿದ್ದು ಈಗ ಮೇಲಕ್ಕೆ ಬಂತೋ? ನನ್ನ ಕಣ್ಣೇ ನನಗೆ ಬೇರೆಯವರ ಕಣ್ಣಾಗಿತ್ತು. ‘ನೋಡಿದೆ’ ಎಂದು ಬರೆಯುವುದು ಸುಲಭ. ಒಳ್ಳೆಯದಕ್ಕೇ ಬರೆಯುತ್ತೇನೆ. ಆದರೂ ಬೆರಳು ಏಳಲಿಲ್ಲ.

ಕೊನೆಗೆ ಫೋನಿನಲ್ಲೇ ಅವಳ ಹಳೆಯ ಬಗ್ಗಿನ ಕೆಳಗೆ ಹೀಗೆ ಬರೆದೆ: ‘ಮೊದಲ ದಿನ ಕೆಂಪು ಸಾಲನ್ನು ಮಾತ್ರ ನೋಡಿದೆ, ಬೆರಳನ್ನು ನೋಡಲಿಲ್ಲ. ಇಂದು ಅದೇ ಫೋನಿನಲ್ಲಿ ಬೆರಳು ಹಸಿರಿಗೆ ತಾಗಿದ್ದನ್ನು ನೋಡಿದೆ, ಅದೇ ಕೆಂಪು ಸಾಲು ಬಂತು. ಎರಡೂ ಒಂದೇ ಎಂದು ನಂಬುತ್ತೇನೆ. ಕಂಡೆ ಎಂದು ಹೇಳಲಾರೆ.’

‘ಇದೇನ್ ಮೇಡಂ, ಸಾಕ್ಷಿ ಏಳಕ್ ಬಂದೋರು ವಕೀಲ್ರಂಗೆ ಬರ್ದಿದ್ದೀರಿ? ಹೂಂ ಅಥ್ವಾ ಊಹೂಂ, ಒಂದ್ ಏಳಿ.’

ಆಗ ಡೆವಲಪರ್ ಮಾತಾಡಿದರು. ‘ಇದು ಸಾಕು ಸರ್. ಹೂಂ ಅಂದಿದ್ರೆ ನಾನೇ ನಂಬ್ತಿರಲಿಲ್ಲ. ತೆರೀತೀನಿ ಹಳೇದನ್ನ. ಸರಿ ಮಾಡೋವರೆಗೂ ಬಿಡೋದು ಬೇಡ.’

ಸರ್ ‘ಆಗ್ಲಿ’ ಎಂದರು. ಆಮೇಲೆ, ಫೋನ್ ಇಡುವ ಮುಂಚೆ, ‘ಆ ಹುಡ್ಗಿ ಅಲ್ಲೇ ಅವ್ಳಾ? ನಾಳಿಕ್ ಬಂದಾಗ ಮಾತಾಡ್ತೀನಿ ಅಂತೇಳಿ’ ಎಂದರು. ಮಾರನೆಯ ದಿನ ಅವರು ಅವಳ ಮೇಜಿನ ಬಳಿ ಬಂದು ನಿಂತು, ‘ಇನ್ಮೇಲೆ ಇಂಗ್ಲಿಷ್ ಮಾಡಿ ಫೋಟೊ ತೆಗೀಬ್ಯಾಡಿ ಕಣ್ರಮ್ಮ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು. ಅದು ಕ್ಷಮೆಯೋ ಹೊಸ ನಿಯಮವೋ ನಮಗಿಬ್ಬರಿಗೂ ತಿಳಿಯಲಿಲ್ಲ.

ಸರಿಮಾಡಿದ ಆಪ್ ಬಂದಾಗ ಬಗ್ ಮುಚ್ಚುವ ಮುಂಚಿನ ಪರೀಕ್ಷೆಗೆ ನಾವಿಬ್ಬರೂ ಒಟ್ಟಿಗೆ ಹೋದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ಇಷ್ಟು ದಿನ ಒಳಗೇ ಇದ್ದದ್ದನ್ನು ಹೇಳಿಬಿಟ್ಟೆ. ‘ಅವತ್ತು ಬೆರಳು ನೋಡಿದ್ದರೆ ಚೆನ್ನಾಗಿತ್ತು. ನನಗೆ ಈಗಲೂ ಕಾಣಿಸುತ್ತಿಲ್ಲ.’

‘ಅಕ್ಕಾ, ನಾನೂ ನೋಡಲಿಲ್ಲ’ ಎಂದಳು. ‘ಹಸಿರೇ ಒತ್ತಿದ್ದು ಅಂತ ಅವರಿಗೆ ಹೇಳ್ತಾನೇ ಇದ್ದೆ. ಆದ್ರೆ ಒತ್ತುವಾಗ ಯಾರು ಬೆರಳು ನೋಡ್ಕೊಳ್ತಾರೆ? ಸರ್ ಹಾಗೆ ಕೇಳಿದ ಮೇಲೆ ಮನೆಗೆ ಹೋಗಿ ಯೋಚನೆ ಮಾಡಿದೆ. ಕೆಂಪೇ ಒತ್ತಿದ್ನೇನೋ ಅಂತ ನನಗೂ ಅನ್ನಿಸೋಕೆ ಶುರುವಾಗಿತ್ತು.’

ಕಂಡಕ್ಟರ್ ಬಂದ, ಇಬ್ಬರಿಗೂ ನಾನೇ ಟಿಕೆಟ್ ತೆಗೆದೆ.

ಕೇಂದ್ರದಲ್ಲಿ ಅವಳ ತಾಯಿ ಅದೇ ಮಂಚದ ಮೇಲಿದ್ದರು. ಫೋನ್ ಉರ್ದುವಿನಲ್ಲಿದೆಯೆಂದು ಎರಡೆರಡು ಸಲ ನೋಡಿಕೊಂಡೆವು. ಮಗಳು ಫೋನ್ ಕೊಟ್ಟಳು. ನಾನು ಬೆರಳಿನ ಬಳಿ ಬಗ್ಗಿದೆ, ಸಿಸ್ಟರ್ ಇನ್ನೊಂದು ಕಡೆಯಿಂದ ಬಗ್ಗಿದರು.

‘ಏನ್ರಮ್ಮ ಇದು, ಹೆಣ್ ನೋಡಕ್ ಬಂದಂಗೆ ಎಲ್ರೂ ನನ್ ಬೆರಳ್ನೇ ನೋಡ್ತೀರಿ’ ಎನ್ನುತ್ತ ಅವರು ಹಸಿರು ಒತ್ತಿದರು.

ಹಸಿರು ಸಾಲು ಬಂತು. ಖಚಿತವಾಗಿದೆ. ಮಗಳು ಬಿಟ್ಟ ಉಸಿರು ನನ್ನ ಕೈಗೆ ತಾಗಿತು.

‘ಏನ್ ಬರ್ದದೆ?’

ಮಗಳು ಉರ್ದುವಿನಲ್ಲಿ ಹೇಳಿದಳು. ಅವರು ಅವಳ ಮುಖ ನೋಡಿ, ನನ್ನ ಕಡೆ ತಿರುಗಿದರು. ‘ಹೌದಾಮ್ಮ?’

‘ಹೌದು. ಖಚಿತವಾಗಿದೆ ಅಂತ ಬರೆದಿದೆ’ ಎಂದೆ.

‘ಬರ್ದಿರದು ಕೇಳ್ನಿಲ್ಲ ನಾನು’ ಎಂದು ಅವರು ಸಿಸ್ಟರ್ ಕಡೆಗೆ ನೋಡಿದರು. ‘ಶುಕ್ರವಾರ ಬಂದ್ರೆ ನಂಗೆ ಮಂಚ ಇರ್ತದಾ, ಅದ್ ಏಳವ್ವ.’

ಸಿಸ್ಟರ್ ಒಳಗಿನ ಕಂಪ್ಯೂಟರಿನ ಬಳಿ ಹೋದರು. ನಾವು ಮೂವರೂ ಅವರ ಬೆನ್ನನ್ನೇ ನೋಡುತ್ತ ಕಾದೆವು. ಅವರು ತಿರುಗಿ, ಅಲ್ಲಿಂದಲೇ ಕೈಯೆತ್ತಿ, ‘ಇರುತ್ತೆ ಉಮ್ಮಾ’ ಎಂದರು. ತಾಯಿ ಕಣ್ಣು ಮುಚ್ಚಿಕೊಂಡರು. ಮಗಳು ಬಗ್ಗಿನ ಪುಟ ತೆರೆದು ಫೋನನ್ನು ನನ್ನ ಕೈಗಿತ್ತಳು. ಬೆರಳು, ಗುರುತು, ಸಾಲು, ಮೂರನ್ನೂ ಅದೇ ಕ್ರಮದಲ್ಲಿ ಇನ್ನೊಮ್ಮೆ ನೆನೆದು, ‘ನಾನೂ ನೋಡಿದೆ’ ಎಂದು ಬರೆದೆ.